ಪ್ಲೆಡ್ಜಿಂಗ್ ನಿಲ್ಲಿಸಲು ಕೇಂದ್ರ ಕಚೇರಿಯ ಆದೇಶ ಸಾಕಾ?

ಅಮೆರಿಕದ ಕಾಲೇಜುಗಳಲ್ಲಿ ಫ್ರಾಟರ್ನಿಟಿ ಅಂದರೆ ಹುಡುಗರ ಸಂಘ. ಒಂದೇ ಸಂಘಕ್ಕೆ ಹತ್ತಾರು ಕ್ಯಾಂಪಸ್‌ಗಳಲ್ಲಿ ಚಾಪ್ಟರ್‌ಗಳು, ಅಂದರೆ ಶಾಖೆಗಳು, ಇರುತ್ತವೆ. ಹೊಸಬ ಕೆಲವು ವಾರ 'ಪ್ಲೆಡ್ಜ್', ಅಂದರೆ ಸದಸ್ಯತ್ವಕ್ಕೆ ಕಾಯುವ ಉಮೇದುವಾರ, ಆಗಿರಬೇಕು. ಇದೇ ಪ್ಲೆಡ್ಜಿಂಗ್. ಆಮೇಲೆ ಗುಟ್ಟಿನ ವಿಧಿ ನಡೆದು ಪೂರ್ತಿ ಸದಸ್ಯನಾಗುತ್ತಾನೆ. 2014ರ ಮಾರ್ಚ್‌ನಲ್ಲಿ ಸಿಗ್ಮಾ ಆಲ್ಫಾ ಎಪ್ಸಿಲಾನ್ ಸಂಘದ ಸುಪ್ರೀಂ ಕೌನ್ಸಿಲ್, ಅಂದರೆ ಕೇಂದ್ರ ಆಡಳಿತ ಮಂಡಳಿ, ಎಲ್ಲ ಚಾಪ್ಟರ್‌ಗಳಲ್ಲೂ ಪ್ಲೆಡ್ಜಿಂಗ್ ರದ್ದು ಮಾಡಿತು. ಆಹ್ವಾನ ಒಪ್ಪಿದ 96 ಗಂಟೆಯೊಳಗೆ ದೀಕ್ಷೆ ಆಗಬೇಕು ಎಂದಿತು.

ಪರ

ಹೊಸಬರನ್ನು ಹಿಂಸಿಸುವ ಹೇಜಿಂಗ್, ಅಂದರೆ ನಮ್ಮ ರ್ಯಾಗಿಂಗ್‌ನಂಥದ್ದು, ಬೆಳೆಯುವುದು ಆ ಕಾಯುವ ವಾರಗಳಲ್ಲೇ. ಸದಸ್ಯತ್ವ ಇನ್ನೂ ಸಿಕ್ಕಿಲ್ಲ, 'ಆಗಲ್ಲ' ಅಂದರೆ ಕೈತಪ್ಪುತ್ತದೆ. ಕುಡಿ ಅಂದರೆ ಕುಡಿಯುತ್ತಾನೆ. ಇದೇ ಸಂಘದಲ್ಲಿ ಹಾಗೆ ಕುಡಿದು ಹುಡುಗರು ಸತ್ತಿದ್ದರು. 96 ಗಂಟೆಯ ನಿಯಮ ಆ ವಾರಗಳನ್ನೇ ತೆಗೆದುಹಾಕುತ್ತದೆ.

ಚಾಪ್ಟರ್‌ಗಳೇ ತಿದ್ದಿಕೊಳ್ಳಲಿ ಅನ್ನುವವರಿದ್ದಾರೆ. ಆದರೆ ಅಲ್ಲಿ ಅಧಿಕಾರ ಇಪ್ಪತ್ತು, ಇಪ್ಪತ್ತೊಂದರ ಹುಡುಗರದ್ದು. ತಾವು ಪಟ್ಟ ಕಷ್ಟವನ್ನು ಮುಂದಿನವರೂ ಪಡಲಿ ಅನ್ನುವ ವಯಸ್ಸು ಅದು. ಹೊರಗಿನ ಒಂದು ಕೈ ಬೇಕೇಬೇಕು. ಲ್ಯಾಂಬ್ಡಾ ಕೈ ಆಲ್ಫಾ ಎಂಬ ಇನ್ನೊಂದು ಸಂಘ 1972ರಲ್ಲೇ ಪ್ಲೆಡ್ಜ್ ಪದ್ಧತಿ ಬಿಟ್ಟು, ಹೊಸಬರನ್ನು 'ಅಸೋಸಿಯೇಟ್ ಮೆಂಬರ್' ಮಾಡಿ ಬಹುತೇಕ ಎಲ್ಲ ಹಕ್ಕು ಕೊಟ್ಟಿತು. ಅದರ ಗುಟ್ಟಿನ ವಿಧಿಗಳಿಗೆ ಏನೂ ಆಗಲಿಲ್ಲ.

ವಿರೋಧ

ಆದೇಶ ಹೊರಡಿಸಿದರೆ ಪದ್ಧತಿ ಸಾಯುವುದಿಲ್ಲ, ಕತ್ತಲಿಗೆ ಸರಿಯುತ್ತದೆ. 1990ರಲ್ಲಿ ಆಫ್ರಿಕನ್ ಅಮೆರಿಕನ್ನರ ಎಂಟು ಫ್ರಾಟರ್ನಿಟಿ, ಸೊರಾರಿಟಿಗಳು (ಹುಡುಗಿಯರ ಸಂಘಗಳು) ಒಟ್ಟಾಗಿ ಪ್ಲೆಡ್ಜಿಂಗ್ ಕೈಬಿಟ್ಟವು. ಮೊದಲು ಹೊಸಬರು ಸಾಲಾಗಿ ಕ್ಯಾಂಪಸ್‌ನಲ್ಲಿ ಎಲ್ಲರ ಕಣ್ಣೆದುರೇ ನಡೆಯುತ್ತಿದ್ದರು. ನಿಷೇಧವಾದ ಮೇಲೆ ಎಷ್ಟೋ ಕಡೆ ಅದೇ ಕೆಲಸ ಮುಚ್ಚಿದ ಬಾಗಿಲ ಹಿಂದೆ ನಡೆಯಿತು. 1994ರಲ್ಲಿ ಆ ಎಂಟರಲ್ಲಿ ಒಂದಕ್ಕೆ ಸೇರಲು ಹೊರಟಿದ್ದ ಮಿಸೌರಿಯ ಒಬ್ಬ ವಿದ್ಯಾರ್ಥಿ ಹೊಡೆತ ತಿಂದೇ ಸತ್ತ. ನಿಯಮ ಆಗಲೂ ಇತ್ತಲ್ವಾ?

ಇನ್ನೊಂದು ಮಾತು ನನಗೆ ತುಂಬಾ ನೋವು ಕೊಡುತ್ತದೆ. ಕೇಂದ್ರ ಕಚೇರಿ ನಿಯಮ ಬರೆಯುತ್ತದೆ. ಅನಾಹುತವಾದಾಗ 'ಚಾಪ್ಟರ್‌ನವರು ನಿಯಮ ಮುರಿದರು' ಎಂದು ದೂರ ನಿಲ್ಲಲು ಅದೇ ನಿಯಮ ಅನುಕೂಲವಾಗುತ್ತದೆ. ಹೇಜಿಂಗ್‌ಗೆ ಸಂಘದ ವಿಮೆ ಸಾಮಾನ್ಯವಾಗಿ ಅನ್ವಯಿಸುವುದಿಲ್ಲ. ಕೋರ್ಟು, ಪರಿಹಾರ ಎಲ್ಲವೂ ಆ ಹುಡುಗರ ಮತ್ತು ಅವರ ಅಪ್ಪ ಅಮ್ಮನ ತಲೆಗೆ.

ಮೇಲಿನವರ ಅಂಗಳವೂ ಚೊಕ್ಕವಾಗಿಲ್ಲ. 2015ರಲ್ಲಿ ಓಕ್ಲಹೋಮಾದಲ್ಲಿ ಸಿಗ್ಮಾ ಆಲ್ಫಾ ಎಪ್ಸಿಲಾನ್‌ನ ಹುಡುಗರು ಬಸ್ಸಿನಲ್ಲಿ ಹಾಡಿದ ಜನಾಂಗದ್ವೇಷದ ಹಾಡಿನ ವಿಡಿಯೊ ಹೊರಬಂತು. ಅದನ್ನು ಅವರು ಕಲಿತಿದ್ದು ಸಂಘವೇ ನಡೆಸಿದ ರಾಷ್ಟ್ರೀಯ ನಾಯಕತ್ವ ಶಿಬಿರದಲ್ಲಿ, ಒಂದು ಕ್ರೂಸ್ ಹಡಗಿನಲ್ಲಿ.

2024ರ ಡಿಸೆಂಬರ್‌ನಲ್ಲಿ ಅಮೆರಿಕ ಒಂದು ಕಾನೂನು ತಂದಿತು. ಯಾವ ಸಂಘ ಹೇಜಿಂಗ್ ಮಾಡಿ ಸಿಕ್ಕಿಬಿತ್ತು ಎಂಬುದನ್ನು ಕಾಲೇಜು ಹೆಸರು ಸಮೇತ ಪ್ರಕಟಿಸಬೇಕು. ಸೇರುವ ಮುಂಚೆ ಹುಡುಗ ಅದನ್ನು ಓದಬಹುದು, ಅವನ ಮನೆಯವರೂ ಓದಬಹುದು. ನನಗೆ ನಂಬಿಕೆ ಜಾಸ್ತಿ ಇರುವುದು ಆ ಪಟ್ಟಿಯ ಮೇಲೆ.