ಎಲ್ಲ ಬಲ್ಲವರಿಬ್ಬರು

ಮಂಗಳೂರಿನ ಬಿಜೈಯಲ್ಲಿರುವ ನಮ್ಮ ಮನೆಗೂ ಪಕ್ಕದ ಮನೆಗೂ ನಡುವೆ ಇರುವುದು ಒಂದು ಕೆಂಪುಕಲ್ಲಿನ ಗೋಡೆ. ಅದಕ್ಕೆ ಸಂಗೀತವನ್ನು ತಡೆಯುವ ಶಕ್ತಿ ಇಲ್ಲ. ಶನಿವಾರ ಸಂಜೆ ಆ ಮನೆಯ ಚಾವಡಿಯಲ್ಲಿ ಇಗರ್ಜಿಯ ಗಾಯನ ಮಂಡಳಿಯವರು ಮರುದಿನದ ಬಲಿಪೂಜೆಗೆ ಹಾಡುಗಳನ್ನು ಅಭ್ಯಾಸ ಮಾಡುತ್ತಾರೆ. ಹಾಡುವವರು ಎಂಟು ಹತ್ತು ಮಂದಿ, ಕೀಬೋರ್ಡಿಗೆ ಒಬ್ಬ, ಗಿಟಾರಿಗೆ ಒಬ್ಬ ಕಾಲೇಜು ಹುಡುಗ. ಕಳೆದ ಆಟಿಯಲ್ಲಿ, ಅಂದರೆ ಮಳೆಗಾಲದ ಆ ತುಳು ತಿಂಗಳಲ್ಲಿ, ಒಂದು ಸಂಜೆ ಹಾಡು ನಡುವಿನಲ್ಲೇ ನಿಂತು ಹಾಡು ಕಲಿಸುವ ಮಾಸ್ಟ್ರ ದನಿ ಕೇಳಿಸಿತು. ಅವರು ಕೊಂಕಣಿಯಲ್ಲಿ ಗದರಿದ್ದನ್ನು ಕನ್ನಡಕ್ಕೆ ತಂದರೆ ಹೀಗಾದೀತು: “ನೀನು ಆರು ತಂತಿಯನ್ನೂ ಹೊಡೆಯುತ್ತ ಹೋದರೆ ಅವನು ಎಂತ ಬಾರಿಸುವುದು ಮಾರಾಯ? ಕೆಳಗಿನದ್ದು ಅವನಿಗೆ ಬಿಡು.” ಗಿಟಾರು ಮತ್ತು ಪಿಯಾನೊಗಳ ಸಹವಾಸದ ಕುರಿತು ಇಷ್ಟು ಚಿಕ್ಕದಾದ, ಇಷ್ಟು ಸರಿಯಾದ ವಿಮರ್ಶೆಯನ್ನು ನಾನು ಬೇರೆಲ್ಲೂ ಕೇಳಿಲ್ಲ.

ಕೊಳಲಿಗೂ ಪಿಯಾನೊಗೂ ಜಗಳ ಬರುವುದಿಲ್ಲ. ಕೊಳಲಿಗೆ ಇರುವುದು ಒಂದೇ ದನಿ. ಅದು ಹಾಡಿದರೆ ಪಿಯಾನೊ ಕೆಳಗೆ ಚಾಪೆ ಹಾಸಿಕೊಡುತ್ತದೆ. ಗಿಟಾರು ಹಾಗಲ್ಲ. ಅದು ರಾಗವನ್ನೂ ನುಡಿಸಬಲ್ಲದು, ಸ್ವರಗಳನ್ನು ಗುಚ್ಛವಾಗಿ ಕಟ್ಟಿ ಆಧಾರ ಕೊಡಬಲ್ಲದು, ತಾಳವನ್ನೂ ಹಿಡಿಯಬಲ್ಲದು. ಪಿಯಾನೊ ಇವೆಲ್ಲವನ್ನೂ ಹತ್ತು ಬೆರಳುಗಳಿಂದ ಮಾಡುತ್ತದೆ. ಪಿಯಾನೊದ 88 ಮನೆಗಳ ಹರವಿನೊಳಗೆ ಗಿಟಾರಿನ ಅಷ್ಟೂ ಸ್ವರಗಳು ಅಡಗಿಹೋಗುತ್ತವೆ. ಗಿಟಾರಿಗೆಂದೇ ಉಳಿಯುವುದು ತಂತಿಯನ್ನು ಎಳೆದು ಸ್ವರದಿಂದ ಸ್ವರಕ್ಕೆ ಜಾರುವ ಒಂದು ಸವಲತ್ತು ಮಾತ್ರ. ಆ ಭಾಗ್ಯ ಪಿಯಾನೊಗೆ ಇಲ್ಲ. ಬರೆದಿಟ್ಟ ಹಾಡಿನಲ್ಲಾದರೆ ಇಬ್ಬರಿಗೂ ಪಾಲು ಹಂಚಿ ಕೊಡಬಹುದು. ಅಮೆರಿಕದ ಜಾಜ್ ಸಂಗೀತದಲ್ಲಿ ಹಾಡಿನ ಚೌಕಟ್ಟಷ್ಟೇ ಗೊತ್ತಿರುತ್ತದೆ. ಗುಚ್ಛದಲ್ಲಿ ಯಾವ ಸ್ವರವನ್ನು ಸೇರಿಸಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ನುಡಿಸುವವನು ಆ ಕ್ಷಣದಲ್ಲೇ ನಿರ್ಧರಿಸುತ್ತಾನೆ. ಇಬ್ಬರೂ ತಮ್ಮ ತಮ್ಮ ಪಾಡಿಗೆ ನಿರ್ಧರಿಸಿದರೆ ಅಕ್ಕಪಕ್ಕದ ಸ್ವರಗಳು ಒಂದರ ಕಾಲನ್ನು ಒಂದು ತುಳಿಯುತ್ತವೆ.

ನಮ್ಮ ಕಡೆಯವರಿಗೆ ಇದನ್ನು ಯಕ್ಷಗಾನದಿಂದ ವಿವರಿಸುವುದೇ ಸುಲಭ. ಚೆಂಡೆ ಮದ್ದಳೆಗಳದ್ದು ಹೊಂದಿಕೊಂಡ ಸಂಸಾರ. ಶೃಂಗಾರ ಕರುಣಗಳ ಪದ್ಯದಲ್ಲಿ ಚೆಂಡೆ ಹಿಂದೆ ಸರಿದು ಮದ್ದಳೆಯೊಂದೇ ಭಾಗವತರ ಬಳಿ ಉಳಿಯುತ್ತದೆ. ಯುದ್ಧದ ಪದ್ಯ ಬಂದಾಗ ಚೆಂಡೆಯವರು ಕೋಲೆತ್ತಿಕೊಳ್ಳುತ್ತಾರೆ. ಇಬ್ಬರ ದನಿಯೂ ಬೇರೆ, ಕೆಲಸವೂ ಬೇರೆ. ಗಿಟಾರು ಪಿಯಾನೊಗಳ ಜೋಡಿಯನ್ನು ಹೋಲಿಸಬೇಕಾದದ್ದು ಅದಕ್ಕಲ್ಲ, ಇತ್ತೀಚಿನ ವರ್ಷಗಳಲ್ಲಿ ಜನಪ್ರಿಯವಾಗಿರುವ ದ್ವಂದ್ವ ಭಾಗವತಿಕೆಗೆ. ಇಬ್ಬರೂ ಭಾಗವತರೇ; ಇಬ್ಬರಿಗೂ ಎಲ್ಲವೂ ಬರುತ್ತದೆ; ಆದ್ದರಿಂದಲೇ ಒಬ್ಬರು ಎತ್ತಿದ ಆಲಾಪನೆಯನ್ನು ಇನ್ನೊಬ್ಬರು ಒಂದು ಮೆಟ್ಟಿಲು ಮೇಲಕ್ಕೆ ಒಯ್ಯದೆ ಬಿಡುವುದಿಲ್ಲ. ಸಭೆಗೆ ಅದು ಬಹಳ ಇಷ್ಟ. ನನಗೆ ಮಾತ್ರ ಮೂರನೆಯ ಸುತ್ತಿನ ಹೊತ್ತಿಗೆ ಪದ್ಯದ ಸಾಹಿತ್ಯ ಎಲ್ಲಿ ಬಿದ್ದುಹೋಯಿತೋ ಎಂದು ಹುಡುಕುವ ಕೆಲಸವಾಗುತ್ತದೆ. ವಯಸ್ಸಾದ ಲಕ್ಷಣವೆಂದು ಮನೆಯವರು ಹೇಳುತ್ತಾರೆ.

ಮೇ ಕೊನೆಗೆ ಬರುವ ಪತ್ತನಾಜೆ ಕಳೆದು ಯಕ್ಷಗಾನದ ಮೇಳಗಳು ಆ ವರ್ಷಕ್ಕೆ ಗೆಜ್ಜೆ ಬಿಚ್ಚಿದ ಮೇಲೆ ರಾತ್ರಿಗಳು ಖಾಲಿ ಬೀಳುತ್ತವೆ. ಕೆಲವು ವರ್ಷಗಳಿಂದ ಆ ಖಾಲಿ ರಾತ್ರಿಗಳಲ್ಲಿ ನಾನು ಪಿಯಾನೊದ ಬಿಲ್ ಎವನ್ಸ್ ಮತ್ತು ಗಿಟಾರಿನ ಜಿಮ್ ಹಾಲ್ ಅವರನ್ನು ಕೇಳುತ್ತ ಬಂದಿದ್ದೇನೆ. ಜಾಜ್ ಎಂದರೆ ಈ ಊರಿನವರಿಗೆ ನೆನಪಾಗುವುದು ಕದ್ರಿ ಗೋಪಾಲನಾಥರ ಸ್ಯಾಕ್ಸೊಫೋನು; ಅದು ಸಹಜ. ಈ ಇಬ್ಬರ ಸಂಗೀತ ಅಷ್ಟು ಗಟ್ಟಿಯಾಗಿ ಕರೆಯುವುದಿಲ್ಲ. 1962ರ ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ನ್ಯೂಯಾರ್ಕಿನಲ್ಲಿ ಅವರಿಬ್ಬರೇ ಕುಳಿತು ‘ಅಂಡರ್‌ಕರೆಂಟ್’ ಎಂಬ ಧ್ವನಿಮುದ್ರಿಕೆ ಮಾಡಿದರು. ಡ್ರಮ್ ಇಲ್ಲ, ಮಂದ್ರದಲ್ಲಿ ನಡೆಯುವ ಬಾಸ್ ಇಲ್ಲ.

ಬಾಸ್ ಇಲ್ಲದಿರುವುದು ಎವನ್ಸ್ ಅವರ ಮಟ್ಟಿಗೆ ಬರಿಯ ಏರ್ಪಾಡಿನ ವಿಷಯವಾಗಿರಲಾರದು ಎಂದು ನನಗೆ ಅನಿಸುತ್ತದೆ. ಅವರ ಮೂವರ ತಂಡದಲ್ಲಿ ಬಾಸ್ ನುಡಿಸುತ್ತಿದ್ದ ಸ್ಕಾಟ್ ಲಫಾರೊ, 1961ರ ಜೂನ್ 25ರಂದು ನ್ಯೂಯಾರ್ಕಿನ ವಿಲೇಜ್ ವ್ಯಾನ್‌ಗಾರ್ಡ್ ಎಂಬ ಜಾಜ್ ಕ್ಲಬ್ಬಿನಲ್ಲಿ ಅವರೊಡನೆ ನುಡಿಸಿ ಎರಡು ವಾರ ಕಳೆಯುವ ಮೊದಲೇ, 25ರ ವಯಸ್ಸಿನಲ್ಲಿ ಕಾರು ಅಪಘಾತದಲ್ಲಿ ತೀರಿಹೋದರು. ಎವನ್ಸ್ ಕೆಲವು ತಿಂಗಳು ಪಿಯಾನೊದ ಮುಂದೆ ಕುಳಿತದ್ದೇ ಕಡಿಮೆ. ಅತ್ತ ಹಾಲ್ 1962ರ ಆರಂಭದಲ್ಲಿ ಸ್ಯಾಕ್ಸೊಫೋನಿನ ಸಾನಿ ರಾಲಿನ್ಸ್ ಅವರ ‘ದ ಬ್ರಿಜ್’ ಧ್ವನಿಮುದ್ರಿಕೆಯಲ್ಲಿ ನುಡಿಸಿದ್ದರು. ಆ ತಂಡದಲ್ಲಿ ಪಿಯಾನೊ ಇರಲಿಲ್ಲ, ಸ್ಯಾಕ್ಸೊಫೋನಿಗೆ ಸ್ವರಗುಚ್ಛದ ಆಸರೆ ಕೊಡುವ ಹೊಣೆ ಪೂರ್ತಿಯಾಗಿ ಗಿಟಾರಿನದೇ ಆಗಿತ್ತು. ಹೀಗೆ ಪಿಯಾನೊದ ಕೆಲಸವನ್ನು ಒಬ್ಬರೇ ಮಾಡಿ ಬಂದವರು, ಕೆಲವೇ ತಿಂಗಳಲ್ಲಿ ಪಿಯಾನೊದ ಮಗ್ಗುಲಲ್ಲೇ ಬಂದು ಕುಳಿತರು.

‘ಮೈ ಫನ್ನಿ ವ್ಯಾಲಂಟೈನ್’ 1937ರ ನಾಟಕವೊಂದರ ಹಾಡು. ಸಾಮಾನ್ಯವಾಗಿ ಅದನ್ನು ನಿಟ್ಟುಸಿರಿನಂತೆ ನಿಧಾನವಾಗಿ ನುಡಿಸುತ್ತಾರೆ. ಇವರು ಅದನ್ನು ದ್ರುತದಲ್ಲಿ ಎತ್ತಿಕೊಳ್ಳುತ್ತಾರೆ. ಎವನ್ಸ್ ಅವರ ಸರದಿ ಬಂದಾಗ ಹಾಲ್ ಏನು ಮಾಡುತ್ತಾರೆ ಎಂಬುದನ್ನು ಕೇಳಲೆಂದೇ ನಾನು ಆ ಭಾಗಕ್ಕೆ ಮತ್ತೆ ಮತ್ತೆ ಹಿಂದಿರುಗುತ್ತೇನೆ. ಅವರು ಮಾತನ್ನೆಲ್ಲ ಬಿಟ್ಟು ತಾಳಕ್ಕೆ ನಾಲ್ಕು ಪೆಟ್ಟಿನಂತೆ ಚಕ್ ಚಕ್ ಎಂದು ತಂತಿಗಳನ್ನು ಮೀಟುತ್ತ ಹೋಗುತ್ತಾರೆ. ವಿದ್ಯುತ್ ಗಿಟಾರಿನ ಗುಂಗು ಅಡಗಿ, ಬರಿಯ ಮರ ಮತ್ತು ತಂತಿಯ ಒಣ ಸದ್ದಷ್ಟೇ ಉಳಿದಂತೆ ಕೇಳಿಸುತ್ತದೆ. ರಾಗ ಕಟ್ಟುವುದರಲ್ಲಿ ಅಷ್ಟು ಜಾಣರಾದ ಒಬ್ಬರು ಇದ್ದಕ್ಕಿದ್ದಂತೆ ಬರಿಯ ತಾಳ ಹಿಡಿಯುವ ಕೆಲಸಕ್ಕೆ ಇಳಿಯುತ್ತಾರೆ, ಮತ್ತು ಅದನ್ನು ಅರೆಮನಸ್ಸಿನಿಂದ ಮಾಡುವುದಿಲ್ಲ. ಆ ನಾಲ್ಕು ಪೆಟ್ಟು ಇರುವುದರಿಂದಲೇ ಪಿಯಾನೊದ ವಾಕ್ಯಗಳು ಇಷ್ಟಬಂದಲ್ಲಿ ಆರಂಭವಾಗಿ ಇಷ್ಟಬಂದಲ್ಲಿ ತುಂಡಾಗಬಲ್ಲವು. ಗಿಟಾರಿನ ಸರದಿ ಬಂದಾಗ ಎವನ್ಸ್ ಅದನ್ನೇ ತಿರುಗಿಸಿ ಕೊಡುವುದಿಲ್ಲ. ಗಿಟಾರಿನ ಮಾತು ಉಸಿರಿಗೆ ನಿಲ್ಲುವ ಕಡೆ ನೋಡಿಕೊಂಡು ಚುಟುಕಾಗಿ ಒಂದು ಗುಚ್ಛವನ್ನು ಇಟ್ಟು ಕೈ ತೆಗೆಯುತ್ತಾರೆ. ತಾಳಮದ್ದಳೆಯಲ್ಲಿ ಒಳ್ಳೆಯ ಅರ್ಥಧಾರಿ ಎದುರಿನವರ ಮಾತಿಗೆ “ಹೌದು, ಆಮೇಲೆ?” ಎನ್ನುವುದುಂಟಲ್ಲ, ಅಷ್ಟೇ ಉದ್ದದ್ದು.

ನಾಲ್ಕು ಪೆಟ್ಟಿನ ಈ ಮೀಟುವಿಕೆ ಹಾಲ್ ಅವರ ಸ್ವಂತ ಶೋಧವೇನಲ್ಲ. ಕೌಂಟ್ ಬೇಸಿ ಅವರ ಜಾಜ್ ತಂಡದಲ್ಲಿ ಗಿಟಾರಿನ ಫ್ರೆಡ್ಡಿ ಗ್ರೀನ್ 1937ರಿಂದ ಸುಮಾರು ಅರ್ಧ ಶತಮಾನ ಇದನ್ನೇ ಮಾಡಿದರು. ಒಂಟಿಯಾಗಿ ನುಡಿಸಿದ್ದು ಇಲ್ಲವೆಂಬಷ್ಟು ಅಪರೂಪ. ಅವರ ಯಜಮಾನರಾದ ಬೇಸಿಯೂ ಪಿಯಾನೊದಲ್ಲಿ ಎರಡು ಸ್ವರ ಹಾಕಿ ಸುಮ್ಮನಿರುವುದರಲ್ಲೇ ಹೆಸರು ಪಡೆದವರು. ಆದರೆ ಅಲ್ಲಿ ಸುತ್ತ ದೊಡ್ಡ ತಂಡವೇ ಇತ್ತು, ಒಬ್ಬರು ಬಿಟ್ಟದ್ದನ್ನು ತುಂಬಲು ಹದಿನೈದು ಮಂದಿ. ಇಬ್ಬರೇ ಇರುವಾಗ ಬಿಟ್ಟದ್ದು ಬಿಟ್ಟ ಹಾಗೆಯೇ ಎಲ್ಲರಿಗೂ ಕಾಣುತ್ತದೆ.

ಧ್ವನಿಮುದ್ರಿಕೆಯ ಹೊದಿಕೆಯ ಮೇಲೆ ಬಿಳಿಯ ಉಡುಪಿನ ಹೆಂಗಸೊಬ್ಬಳು ನೀರಿನೊಳಗೆ ತೇಲುತ್ತಿರುವ ಚಿತ್ರವಿದೆ. ಫ್ಲೋರಿಡಾದ ವೀಕಿ ವಾಚಿ ಎಂಬ ಒರತೆಯಲ್ಲಿ 1947ರಲ್ಲಿ ಛಾಯಾಗ್ರಾಹಕಿ ಟೋನಿ ಫ್ರಿಸೆಲ್ ತೆಗೆದದ್ದು. ಜುಲೈಯ ಮಂಗಳೂರಿನಲ್ಲಿ, ಗೋಡೆಯ ಮೇಲೂ ಪಾಚಿ ಹಬ್ಬಿರುವಾಗ, ಆ ಚಿತ್ರದಲ್ಲಿ ವಿಶೇಷವೇನೂ ಕಾಣುವುದಿಲ್ಲ. ಒಳಗಿನ ನಿಧಾನದ ಹಾಡುಗಳು ಮಾತ್ರ ಅದಕ್ಕೆ ತಕ್ಕವು; ಅವುಗಳಲ್ಲಿ ಎಷ್ಟೋ ಸಲ ಗಿಟಾರು ಮುಗಿದು ಪಿಯಾನೊ ಆರಂಭವಾದದ್ದು ಎಲ್ಲಿ ಎಂದು ಹೇಳಲು ನನ್ನಿಂದ ಆಗುವುದಿಲ್ಲ. ಇಬ್ಬರೂ 1966ರಲ್ಲಿ ‘ಇಂಟರ್‌ಮಾಡ್ಯುಲೇಷನ್’ ಎಂಬ ಇನ್ನೊಂದು ಜೋಡಿ ಧ್ವನಿಮುದ್ರಿಕೆ ಮಾಡಿದರು. ಅದೂ ಚೆನ್ನಾಗಿದೆ, ಆದರೆ ನನ್ನ ಮನಸ್ಸು ಮೊದಲನೆಯದಕ್ಕೇ ಹೋಗುತ್ತದೆ. ಎವನ್ಸ್ 1980ರಲ್ಲಿ 51ರ ವಯಸ್ಸಿಗೇ ತೀರಿಹೋದರು. ಹಾಲ್ 2013ರವರೆಗೂ ಬದುಕಿದ್ದರು.

ಮಾಸ್ಟ್ರು ಗದರಿದ ಮರುದಿನ ಗಿಟಾರಿನ ಹುಡುಗ ನಮ್ಮ ಗೇಟಿನ ಬಳಿ ಮಳೆಗೆ ನಿಂತಿದ್ದ. ಒಳಗೆ ಕರೆದು ನನ್ನ ಇಯರ್‌ಫೋನು ಕೊಟ್ಟು ಆ ‘ಮೈ ಫನ್ನಿ ವ್ಯಾಲಂಟೈನ್’ ಹಾಡನ್ನು ಹಾಕಿದೆ. ಅವನು ಸ್ವಲ್ಪ ಹೊತ್ತು ಕೇಳಿ, “ಇದರಲ್ಲಿ ಡ್ರಮ್ ಇಲ್ಲ ಅಂದಿರಲ್ಲ ಅಂಕಲ್, ಮತ್ತೆ ಈ ಚಕ್ ಚಕ್ ಯಾರದ್ದು?” ಎಂದು ಕೇಳಿದ. ಗಿಟಾರಿನದ್ದೇ ಎಂದೆ. ಅವನು ಏನೂ ಹೇಳದೆ ಹಾಡನ್ನು ಮೊದಲಿನಿಂದ ಹಾಕಿಕೊಂಡ. ಮಳೆ ಬಿಟ್ಟದ್ದು ಅವನಿಗೆ ತಿಳಿಯಲಿಲ್ಲ.

ಮುಂದಿನ ಶನಿವಾರ ಗೋಡೆಯಾಚೆ ಹಾಡು ಆರಂಭವಾದಾಗ ಕೀಬೋರ್ಡು ಸ್ಪಷ್ಟವಾಗಿ ಕೇಳಿಸಿತು, ಹಾಡುವವರೂ ಕೇಳಿಸಿದರು. ಒಂದು ಚರಣ ಮುಗಿಯಿತು, ಎರಡನೆಯದೂ ಮುಗಿಯಿತು. ಹುಡುಗ ಬಂದಿಲ್ಲವೇನೋ, ಮಾಸ್ಟ್ರ ಮಾತಿಗೆ ಬೇಸರಿಸಿಕೊಂಡನೇನೋ ಎಂದುಕೊಳ್ಳುತ್ತ ನಾನು ಕಿಟಕಿಯನ್ನು ಇನ್ನಷ್ಟು ತೆರೆದೆ. ಮೂರನೆಯ ಚರಣಕ್ಕೆ ಮೊದಲು, ಹಾಡುವವರು ಉಸಿರೆಳೆದುಕೊಳ್ಳುವ ಜಾಗದಲ್ಲಿ, ಮೇಲಿನ ಎರಡು ತಂತಿಗಳ ಮೇಲೆ ನಾಲ್ಕೈದು ಸ್ವರ ಬಂದು ಹೋದವು.