ಆಲ್ಪ್ಸ್‌ನಲ್ಲಿ ಮಟ್ಟಸವಾದ ಜಾಗ

ಆಲ್ಪ್ಸ್‌ನಲ್ಲಿ ಎಲ್ಲ ಇದೆ, ಮಟ್ಟಸವಾದ ಜಾಗ ಒಂದು ಬಿಟ್ಟು. ಹೋಟೆಲಿನಲ್ಲಿ ಉಳಿಯುವವರಿಗೆ ಇದು ಗೊತ್ತಾಗುವುದಿಲ್ಲ. ಬೇಸಿಗೆಯಲ್ಲಿ ಮೋಟರ್‌ಹೋಮ್, ಅಂದರೆ ಒಳಗೇ ಮನೆಯಿರುವ ಗಾಡಿ, ತಗೊಂಡು ಸುತ್ತುವವರಿಗೆ ಸಂಜೆ ಐದಾಯಿತೆಂದರೆ ಇದೇ ಚಿಂತೆ. ಗಾಡಿ ನಾಲ್ಕು ಬೆರಳು ಓರೆಯಾಗಿ ನಿಂತರೂ ರಾತ್ರಿಯಿಡೀ ಹಾಸಿಗೆಯಲ್ಲಿ ಒಬ್ಬರ ಮೇಲೊಬ್ಬರು ಉರುಳುತ್ತಿರುತ್ತೀರಿ. ಬಚ್ಚಲ ನೀರು ತೂತು ಬಿಟ್ಟು ಇನ್ನೊಂದು ಮೂಲೆಯಲ್ಲಿ ನಿಲ್ಲುತ್ತದೆ. ಫ್ರಿಜ್ ಬೇರೆ ಮುನಿಸಿಕೊಳ್ಳುತ್ತದೆ. ಗ್ಯಾಸಿನಲ್ಲಿ ನಡೆಯುವ ಫ್ರಿಜ್ಜಿಗೆ ಕಂಪ್ರೆಸರ್ ಇರುವುದಿಲ್ಲ. ಒಳಗಿನ ಅಮೋನಿಯಾ ದ್ರವ ತನ್ನ ಭಾರಕ್ಕೆ ತಾನೇ ಇಳಿದು ಸುತ್ತುತ್ತಿರಬೇಕು. ಜಾಸ್ತಿ ಓರೆಯಾದರೆ ಅದು ಅಲ್ಲಲ್ಲೇ ನಿಂತುಬಿಡುತ್ತದೆ, ಬೆಳಗ್ಗೆ ಕಾಫಿಗೆ ಹಾಲು ಇರುವುದಿಲ್ಲ.

ಅದಕ್ಕೇ ಇಲ್ಲಿ ಎಲ್ಲರ ಹತ್ತಿರವೂ ಹಳದಿ ಪ್ಲಾಸ್ಟಿಕ್ಕಿನ ಎರಡು ಇಳಿಜಾರು ತುಂಡುಗಳಿರುತ್ತವೆ. ತಗ್ಗಿನ ಕಡೆಯ ಚಕ್ರದ ಮುಂದೆ ಅವನ್ನಿಟ್ಟು ಗಾಡಿ ಹತ್ತಿಸಬೇಕು. ಒಬ್ಬರು ಸ್ಟಿಯರಿಂಗ್ ಹಿಡಿಯುವುದು, ಇನ್ನೊಬ್ಬರು ಹೊರಗೆ ನಿಂತು ಕೈಯಾಡಿಸುವುದು. "ಬನ್ನಿ, ಬನ್ನಿ, ಇನ್ನೂ ಸ್ವಲ್ಪ ಬನ್ನಿ, ಅಯ್ಯೋ ಸಾಕ್ರೀ!" ಜರ್ಮನ್, ಡಚ್, ಇಟಾಲಿಯನ್ ದಂಪತಿಗಳ ನಡುವೆಯೂ ಇದೇ ಸಂಭಾಷಣೆ ನಡೆಯುತ್ತಿರುತ್ತದೆ. ಭಾಷೆ ಬರದಿದ್ದರೂ ಧಾಟಿಯಲ್ಲೇ ಅರ್ಥವಾಗುತ್ತದೆ. ಕೆಲವರು ಗಾರೆ ಕೆಲಸದವರ ಹಾಗೆ ರಸಮಟ್ಟ ಇಟ್ಟು ನೋಡುತ್ತಾರೆ. ನಮಗೆ ಅದು ಬೇಕಾಗಿಲ್ಲ. ಒಂದು ದೋಸೆ ಹುಯ್ದರೆ ಸಾಕು. ಹಿಟ್ಟು ಯಾವ ಕಡೆ ಜಾರಿತೋ ಆ ಕಡೆಯ ಚಕ್ರ ಎತ್ತಬೇಕು.

ನಾವು ಇರುವುದು ಮ್ಯೂನಿಕ್ ಹತ್ತಿರ. ಇಲ್ಲಿಂದ ಆಸ್ಟ್ರಿಯಾದ ಗ್ರೋಸ್‌ಗ್ಲಾಕ್ನರ್ ರಸ್ತೆ ದೂರವೇನಲ್ಲ. ಗ್ರೋಸ್‌ಗ್ಲಾಕ್ನರ್ ಅನ್ನುವುದು ಆ ದೇಶದ ಅತಿ ಎತ್ತರದ ಶಿಖರ, 3798 ಮೀಟರ್. ಅದರ ಮಗ್ಗುಲಲ್ಲಿ ಹತ್ತಿ ಇಳಿಯುವ ರಸ್ತೆ 48 ಕಿಲೋಮೀಟರ್, ಹೇರ್‌ಪಿನ್ ತಿರುವು 36. ಫ್ರಾಂಜ್ ವಾಲಾಕ್ ಎಂಬ ಎಂಜಿನಿಯರ್ 1930ರಲ್ಲಿ ಕೆಲಸ ಶುರು ಮಾಡಿಸಿ 1935ರ ಆಗಸ್ಟ್‌ನಲ್ಲಿ ಮುಗಿಸಿದ. ಜನರ ಕೈಗೆ ಕೆಲಸವಿಲ್ಲದ ಕಾಲ ಅದು. ಅವರಿಗೆ ಕೂಲಿಯೂ ಸಿಕ್ಕಿತು, ಕಾರಿನವರಿಗೆ ಬೆಟ್ಟ ನೋಡಲು ದಾರಿಯೂ ಆಯಿತು. ಒಂದೊಂದು ತಿರುವಿಗೂ ಬೋರ್ಡು ಇದೆ. ಅದರ ಮೇಲೆ ತಿರುವಿನ ನಂಬರು, ಎತ್ತರ ಎಷ್ಟು ಅನ್ನುವುದು. ಏಳು ಮೀಟರ್ ಉದ್ದದ ಗಾಡಿ ತಿರುಗಿಸುತ್ತಿರುವವನಿಗೆ ಈ ಬೋರ್ಡು ಓದಲು ಪುರುಸೊತ್ತೆಲ್ಲಿ? ಪಕ್ಕದಲ್ಲಿ ಕೂತವರೇ ಜೋರಾಗಿ ಓದಿ ಹೇಳಬೇಕು.

ಏರುವುದು ಕಷ್ಟವಲ್ಲ, ನಿಧಾನ ಅಷ್ಟೆ. ಹಿಂದೆ ಹತ್ತು ಬೈಕು ಸಾಲುಗಟ್ಟುತ್ತವೆ, ಜಾಗ ಸಿಕ್ಕ ಕಡೆ ಪಕ್ಕಕ್ಕೆ ಸರಿದು ಬಿಟ್ಟುಕೊಡುತ್ತೀರಿ. ಎದೆ ಢವಢವ ಅನ್ನುವುದು ಇಳಿಯುವಾಗ. ಹತ್ತಿದ ಗೇರಿನಲ್ಲೇ ಇಳಿಯಬೇಕು. ಆಗುಂಬೆ ಘಾಟಿಯಲ್ಲಿ ಬಸ್ಸಿನ ಮುಂದಿನ ಸೀಟಿನಲ್ಲಿ ಕೂತವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬ್ರೇಕನ್ನೇ ನಂಬಿ ಇಳಿದವರ ಗಾಡಿಯಿಂದ ಸುಟ್ಟ ವಾಸನೆ ಹೊಡೆಯುತ್ತಿರುತ್ತದೆ. ಅಂಥವರು ಅರ್ಧ ದಾರಿಯಲ್ಲಿ ನಿಲ್ಲಿಸಿಕೊಂಡು, ಸುಮ್ನೆ ಫೋಟೋ ತೆಗೆಯಲು ನಿಂತವರಂತೆ ಮುಖ ಮಾಡಿಕೊಂಡಿರುತ್ತಾರೆ.

ತೂಕದ ಲೆಕ್ಕವೂ ಇದೆ. ಇಲ್ಲಿ ಮಾಮೂಲಿ ಕಾರಿನ ಲೈಸೆನ್ಸಿನಲ್ಲಿ ಸಾಧಾರಣವಾಗಿ ಓಡಿಸಬಹುದಾದದ್ದು ಮೂರೂವರೆ ಟನ್ನಿನವರೆಗಿನ ಗಾಡಿ. ಹಾಸಿಗೆ, ಒಲೆ, ಕಪಾಟು, ಬಚ್ಚಲು ಎಲ್ಲ ಸೇರಿ ಖಾಲಿ ಗಾಡಿಯೇ ಮೂರು ಟನ್ನಿನ ಹತ್ತಿರ ಬರುತ್ತದೆ. ಮೇಲೆ ನೂರು ಲೀಟರ್ ನೀರು ತುಂಬಿದರೆ ನೂರು ಕಿಲೋ. ಪೊಲೀಸರು ನಿಲ್ಲಿಸಿ ತೂಗುವುದೂ ಉಂಟು. ಹಾಗಾಗಿ ಹೊರಡುವ ಮುಂಚೆ ಮನೆಯಲ್ಲಿ ದೊಡ್ಡ ಚರ್ಚೆ. ಅಕ್ಕಿ ಎಷ್ಟು ಕಿಲೋ, ಇನ್ನೊಂದು ಬಾಣಲೆ ಬೇಕಾ, ಮಡಚುವ ಕುರ್ಚಿ ಎರಡು ಸಾಕಲ್ವಾ. ಸ್ನಾನದ ವಿಷಯದಲ್ಲಿ ಮಾತ್ರ ನಮ್ಮವರು ಗೆದ್ದರು ಅಂತಲೇ ಹೇಳಬೇಕು. ಗಾಡಿಯ ಗೀಸರ್ ಹಿಡಿಯುವುದು ಸುಮಾರು 10 ಲೀಟರ್. ಶವರ್ ಬಿಟ್ಟುಕೊಂಡು ನಿಂತು ಅಭ್ಯಾಸವಾದವರು ಸೋಪಿನ ನೊರೆ ಮೈಮೇಲಿರುವಾಗಲೇ ಕೂಗಿಕೊಳ್ಳುತ್ತಾರೆ. ಬಕೆಟ್ಟು ಚೊಂಬಿನಲ್ಲಿ ಬೆಳೆದವರಿಗೆ ಅಷ್ಟರಲ್ಲೇ ತಲೆಸ್ನಾನವೂ ಆಗಿ ನೀರು ಮಿಗುತ್ತದೆ.

ಭಾರವಾದರೂ ಬಿಟ್ಟುಬರುವ ಹಾಗಿಲ್ಲದ್ದು ಪ್ರೆಶರ್ ಕುಕ್ಕರ್. ಈ ರಸ್ತೆಯ ನೆತ್ತಿ ಹೋಖ್‌ಟೋರ್, 2504 ಮೀಟರ್. ಅಲ್ಲಿ ನೀರು ಸುಮಾರು 92 ಡಿಗ್ರಿಗೇ ಕುದಿಯುತ್ತದೆ. ತೆರೆದ ಪಾತ್ರೆಯಲ್ಲಿ ತೊಗರಿಬೇಳೆ ಇಟ್ಟರೆ ಸಂಜೆಯಾದರೂ ಕಾಳು ಕಾಳಾಗಿಯೇ ಇರುತ್ತದೆ. ಕೆಳಗೆ ಹೈಲಿಗೆನ್‌ಬ್ಲೂಟ್ ಹಳ್ಳಿಯ ಕಡೆ ಇಳಿದರೆ ಸುಮಾರು 1300 ಮೀಟರ್, ಪರವಾಗಿಲ್ಲ. ಆದರೆ ಅಲ್ಲಿ ಇನ್ನೊಂದು ತೊಡಕು. ಆಸ್ಟ್ರಿಯಾದ ಎಷ್ಟೋ ಕ್ಯಾಂಪಿಂಗ್ ಜಾಗಗಳಲ್ಲಿ ಮಧ್ಯಾಹ್ನ ಊಟದ ಹೊತ್ತಿಗೆ ಒಂದೆರಡು ತಾಸು ಗದ್ದಲ ಮಾಡಬಾರದು ಅಂತ ನಿಯಮ. ಗೇಟೂ ಹಾಕಿರುತ್ತಾರೆ, ಹುಲ್ಲು ಕತ್ತರಿಸುವ ಯಂತ್ರವೂ ಬಂದ್. ಅಂಥ ಹೊತ್ತಿನಲ್ಲಿ ನಮ್ಮ ಕುಕ್ಕರ್ ಕೂಗಿತು. ಎದುರಿನ ಗಾಡಿಯ ಡಚ್ ಅಜ್ಜ ಕುರ್ಚಿಯಿಂದೆದ್ದು ಹೋಗಿ ತಮ್ಮ ಬಾನೆಟ್ ತೆಗೆದು ನೋಡಿದರು. ಎರಡನೇ ಕೂಗಿಗೆ ಗ್ಯಾಸ್ ಸಿಲಿಂಡರ್ ಇಡುವ ಬಾಗಿಲು ತೆಗೆದರು. ಮೂರನೆಯದಕ್ಕೆ ನನ್ನ ಹೆಂಡತಿ ಒಲೆ ಆರಿಸಿದಳು. ಆಮೇಲೆ ಒಂದು ಬಟ್ಟಲು ಸಾರು ಹೋಯಿತು ಆ ಕಡೆಗೆ.

ಹೈಲಿಗೆನ್‌ಬ್ಲೂಟ್‌ನಲ್ಲಿ ಚೂಪು ಗೋಪುರದ ಹಳೇ ಚರ್ಚಿದೆ. ಆಕಾಶ ತಿಳಿಯಾಗಿದ್ದರೆ ಅದರ ಹಿಂದೆಯೇ ಗ್ರೋಸ್‌ಗ್ಲಾಕ್ನರ್. ಕ್ಯಾಲೆಂಡರುಗಳಲ್ಲಿ ನೀವೂ ನೋಡಿರುತ್ತೀರಿ. ಮೇಲೆ ಫ್ರಾಂಜ್ ಜೋಸೆಫ್ಸ್ ಹೋಹೆ ಎಂಬಲ್ಲಿಂದ ಪಾಸ್ಟರ್ತ್ಸೆ ಹಿಮನದಿ ಕಾಣುತ್ತದೆ. ಆಸ್ಟ್ರಿಯಾದಲ್ಲಿ ಅದೇ ಎಲ್ಲಕ್ಕಿಂತ ದೊಡ್ಡದು. 1963ರಲ್ಲಿ ಕಟ್ಟಿದ ಪುಟ್ಟ ರೈಲು ಜನರನ್ನು ಹಿಮದ ಹತ್ತಿರಕ್ಕೇ ಇಳಿಸುತ್ತಿತ್ತಂತೆ. ಈಗ ಅದು ಇಳಿಸುತ್ತಿದ್ದ ಜಾಗದಿಂದ ನೋಡಿದರೆ ಬರೀ ಕಲ್ಲು, ಬೂದು ಬಣ್ಣದ ಕೆಸರು ನೀರು. ಹಿಮ ಬಹಳ ಕೆಳಗೆ ಹೋಗಿದೆ. ಡೀಸೆಲ್ ಗಾಡಿಯಲ್ಲಿ ಅಷ್ಟು ಎತ್ತರ ಹತ್ತಿ ಬಂದು ಅದನ್ನು ನೋಡಿ ಅಯ್ಯೋ ಅನ್ನುವವರಲ್ಲಿ ನಾನೂ ಒಬ್ಬ. ಹತ್ತಿರದಲ್ಲೇ ದಪ್ಪ ಅಳಿಲಿನಂಥ ಮಾರ್ಮಟ್‌ಗಳು ಬಿಲದಿಂದ ಎದ್ದು ನಿಂತು ಜನರ ಕೈ ನೋಡುತ್ತಿದ್ದವು.

ಇಷ್ಟೆಲ್ಲ ವೈಭವದ ನಡುವೆ ದಿನದ ಮುಖ್ಯ ಕೆಲಸ ಯಾವುದು ಅಂದರೆ, ಹೇಳಲು ಸಂಕೋಚ, ಟಾಯ್ಲೆಟ್ ಡಬ್ಬಿ ಖಾಲಿ ಮಾಡುವುದು. ಗಾಡಿಯ ಹೊರಗಡೆ ಒಂದು ಪುಟ್ಟ ಬಾಗಿಲು. ಅದರೊಳಗಿಂದ ಡಬ್ಬಿ ಎಳೆಯಬೇಕು. ಅದಕ್ಕೆ ಎರಡು ಗಾಲಿ, ಉದ್ದಕ್ಕೆ ಬರುವ ಹಿಡಿ. ಬೆಳಗ್ಗೆ ಎಂಟಕ್ಕೆ ಚಡ್ಡಿ, ಚಪ್ಪಲಿಯ ಗಂಡಸರು ಅದನ್ನು ಗಡಗಡ ಎಳೆದುಕೊಂಡು ಹೋಗುವುದನ್ನು ನೋಡಿದರೆ ಎಲ್ಲರಿಗೂ ಒಂದೇ ಫ್ಲೈಟ್ ಇದೆಯೇನೋ ಅನ್ನಿಸಬೇಕು. ಹೋಗುವುದು ಕ್ಯಾಂಪಿನ ಹಿಂಭಾಗದ ಒಂದು ತೊಟ್ಟಿಗೆ. ಅಲ್ಲಿ ಸಾಲು. ಯಾರೂ ಮೂಗು ಮುಚ್ಚಿಕೊಳ್ಳುವುದಿಲ್ಲ, ಅದು ಮರ್ಯಾದೆಯಲ್ಲ. ಹಿಂದೆ ನಿಂತ ಜರ್ಮನ್ ಮಾವ ಇಟಲಿಗೆ ಇಳಿಯುವುದಾದರೆ ಗ್ಯಾಸ್ ಈ ಕಡೆಯೇ ತುಂಬಿಸಿಕೊಳ್ಳಿ, ಅಲ್ಲಿನ ಸಿಲಿಂಡರಿಗೆ ನಿಮ್ಮ ರೆಗ್ಯುಲೇಟರ್ ಕೂರಲಿಕ್ಕಿಲ್ಲ ಅಂದರು. ಡಚ್ ಅಜ್ಜ ಸಾರಿಗೆ ಹಾಕಿದ್ದು ಹುಣಸೆಯೋ ಟೊಮ್ಯಾಟೊವೋ ಎಂದು ಕೇಳಿದರು. ಎದುರಿಗೆ ಅಷ್ಟೆತ್ತರದ ಬೆಟ್ಟ ಬಿಸಿಲಿಗೆ ಬೆಳ್ಳಗೆ ಹೊಳೆಯುತ್ತಿತ್ತು. ಅದರ ಬಗ್ಗೆ ಯಾರೂ ಒಂದು ಮಾತೂ ಎತ್ತಲಿಲ್ಲ. ನಮ್ಮ ಸರದಿ ಬಂದಿತ್ತು.