ಕಲ್ಲು ಆಯ್ದ ದಾರಿ

ಭತ್ತದ ಕಟಾವು ನಡೆಯುವ ದಿನಗಳಲ್ಲಿ ಗಂಗಾವತಿಯಿಂದ ಸಿಂಧನೂರಿಗೆ ಹೊರಡುವವರು ಗಡಿಯಾರವನ್ನು ಮನೆಯಲ್ಲೇ ಬಿಟ್ಟು ಬರುವುದು ಮೇಲು. ಕಳೆದ ಸುಗ್ಗಿಯಲ್ಲಿ ಕಾರಟಗಿ ದಾಟಿದ ಮೇಲೆ ನಮ್ಮ ಗಾಡಿ ಚೀಲಗಳನ್ನು ಹೇರಿಕೊಂಡ ಟ್ರ್ಯಾಕ್ಟರೊಂದರ ಹಿಂದೆ ಸಿಕ್ಕಿಕೊಂಡಿತು. ಅರ್ಧ ರಸ್ತೆಯ ತುಂಬ ಭತ್ತ ಒಣಹಾಕಿದ್ದರು. ಯಾರೂ ಗಾಲಿ ಹತ್ತಿಸಬಾರದೆಂದು ಅದರ ಅಂಚಿಗುಂಟ ತಲೆಗಾತ್ರದ ಕಲ್ಲುಗಳನ್ನು ಸಾಲಾಗಿ ಇಟ್ಟಿದ್ದರು. ಪಕ್ಕದಲ್ಲಿ ಕುಳಿತಿದ್ದ ಅಣ್ಣನ ಮಗ ಮೊಬೈಲಿನಿಂದ ತಲೆಯೆತ್ತಿ, “ಕಾಕಾ, ಜಗತ್ತಿನ್ಯಾಗ ಎಲ್ಲಾಕ್ಕಿಂತ ಜೋರು ಓಡೋ ಟ್ರ್ಯಾಕ್ಟರ್ ಎಷ್ಟು ಓಡತೈತಿ ಗೊತ್ತೇನ್ರಿ?” ಎಂದು ಕೇಳಿದ. ಮುಂದಿನದನ್ನು ನೋಡುತ್ತ, ಹದಿನೈದು ಎಂದೆ.

ಉತ್ತರ 217 ಕಿಲೋಮೀಟರ್. 2019ರ ಅಕ್ಟೋಬರಿನಲ್ಲಿ ಇಂಗ್ಲೆಂಡಿನ ಎಲ್ವಿಂಗ್ಟನ್ ವಿಮಾನನೆಲದಲ್ಲಿ ಗೈ ಮಾರ್ಟಿನ್ ಎಂಬವರು ಜೆಸಿಬಿ ಕಂಪನಿಯ ಫಾಸ್ಟ್ರ್ಯಾಕ್ ಟ್ರ್ಯಾಕ್ಟರನ್ನು ಗಂಟೆಗೆ ಸರಾಸರಿ ಅಷ್ಟು ವೇಗದಲ್ಲಿ ಓಡಿಸಿದರು. ಮಣ್ಣು ಅಗೆಯುವ ಹಳದಿ ಯಂತ್ರವನ್ನಷ್ಟೇ ಜೆಸಿಬಿ ಎಂದು ತಿಳಿದು, ಅದು ಕೆಲಸಕ್ಕೆ ನಿಂತಾಗ ತಮ್ಮ ಕೆಲಸ ಬಿಟ್ಟು ನೋಡುತ್ತ ನಿಲ್ಲುವ ನಮ್ಮ ಊರಿನವರಿಗೆ ಈ ಸುದ್ದಿಯನ್ನು ನಂಬಿಸುವುದು ಕಷ್ಟ. ಸರಾಸರಿ ಎಂಬ ಮಾತಿಗೂ ಅರ್ಥವಿದೆ: ಒಮ್ಮೆ ಅತ್ತ, ಒಮ್ಮೆ ಇತ್ತ ಓಡಿ ಎರಡನ್ನೂ ಕೂಡಿಸಿ ಭಾಗಿಸಬೇಕು, ಬೆನ್ನ ಹಿಂದಿನ ಗಾಳಿಯ ಸಹಾಯವನ್ನು ಲೆಕ್ಕದಿಂದ ಕಳೆಯುವುದಕ್ಕೆ. ನೆಲದ ಮೇಲಿನ ದೊಡ್ಡ ದಾಖಲೆಗೆ ಈ ಎರಡೂ ಓಟಗಳು ಒಂದು ಗಂಟೆಯೊಳಗೆ ಮುಗಿಯಬೇಕು.

ಆ ದೊಡ್ಡ ದಾಖಲೆ 1997ರ ಅಕ್ಟೋಬರ್ 15ರದು. ಅಮೆರಿಕದ ನೆವಾಡಾ ರಾಜ್ಯದ ಬ್ಲ್ಯಾಕ್ ರಾಕ್ ಮರುಭೂಮಿಯಲ್ಲಿ ಆ್ಯಂಡಿ ಗ್ರೀನ್, ಎರಡು ಜೆಟ್ ಎಂಜಿನ್ನುಗಳ ಥ್ರಸ್ಟ್ ಎಸ್‌ಎಸ್‌ಸಿ ಕಾರನ್ನು ಗಂಟೆಗೆ ಸುಮಾರು 1,228 ಕಿಲೋಮೀಟರ್ ವೇಗದಲ್ಲಿ ಓಡಿಸಿ ಶಬ್ದವನ್ನೇ ಹಿಂದೆ ಹಾಕಿದರು. ಸಿಂಧನೂರಿನ ಮೇಲೆ ಹಾದುಹೋಗುವ ಮುನಿರಾಬಾದ್–ಮೆಹಬೂಬನಗರ ರೈಲು ಮಾರ್ಗ ಮಂಜೂರಾದದ್ದೂ 1997–98ರಲ್ಲಿಯೇ. ಸಿಂಧನೂರಿಗೆ ರೈಲು ಬಂದದ್ದು 2024ರಲ್ಲಿ. ಇದನ್ನು ದೂರಾಗಿ ಹೇಳುತ್ತಿಲ್ಲ. ಗಾಡಿ ಓಡುವುದಕ್ಕಿಂತ ದಾರಿ ಸಿದ್ಧವಾಗುವುದಕ್ಕೇ ಹೊತ್ತು ಹಿಡಿಯುತ್ತದೆ ಎಂಬುದು ಈ ಭಾಗದವರಿಗೆ ಹೊಸ ಸಂಗತಿಯಲ್ಲ.

ಬೇರೆಡೆಯೂ ಹಾಗೆಯೇ. ಥ್ರಸ್ಟ್‌ನ ದಾಖಲೆ ಮುರಿಯಲೆಂದು ಕಟ್ಟಿದ ಬ್ಲಡ್‌ಹೌಂಡ್ ಎಂಬ ಕಾರಿಗಾಗಿ ದಕ್ಷಿಣ ಆಫ್ರಿಕಾದ ಹ್ಯಾಕ್ಸ್ಕೀನ್ ಪ್ಯಾನ್ ಎಂಬ ಒಣಗಿದ ಕೆರೆಯಂಗಳದಲ್ಲಿ ಅಲ್ಲಿಯ ಮುನ್ನೂರಕ್ಕೂ ಹೆಚ್ಚು ಜನ ಸುಮಾರು 16,000 ಟನ್ ಕಲ್ಲನ್ನು ಕೈಯಿಂದಲೇ ಆಯ್ದು ತೆಗೆದರು. ನಮ್ಮ ಮಸಾರಿ ಹೊಲಗಳಲ್ಲಿ ಬಿತ್ತನೆಗೆ ಮುಂಚೆ ಹೆಣ್ಣುಮಕ್ಕಳು ಸೊಂಟ ಬಗ್ಗಿಸಿ ಕಲ್ಲು ಆಯ್ದು, ಪುಟ್ಟಿ ತುಂಬಿ, ಬದುವಿಗೆ ಸುರಿಯುವುದನ್ನು ಕಂಡವರಿಗೆ ಆ ದುಡಿಮೆಯ ಅಂದಾಜು ಸಿಗುತ್ತದೆ. ಆ ಕಾರು 2019ರಲ್ಲಿ 1,010 ಕಿಲೋಮೀಟರ್ ಮುಟ್ಟಿತು. ಹಳೆಯ ದಾಖಲೆ ಹಾಗೆಯೇ ಉಳಿಯಿತು. ಚಾಲಕನ ಹೆಸರು ಪತ್ರಿಕೆಗೆ ಬರುತ್ತದೆ, ಕಲ್ಲು ಆಯ್ದವರದು ಬರುವುದಿಲ್ಲ.

ನೀರಿನ ಮೇಲಂತೂ ಅಲೆಯೇ ಕಲ್ಲು. 1967ರಲ್ಲಿ ಇಂಗ್ಲೆಂಡಿನ ಕಾನಿಸ್ಟನ್ ಸರೋವರದಲ್ಲಿ ಡೊನಾಲ್ಡ್ ಕ್ಯಾಂಪ್‌ಬೆಲ್ ಎರಡನೆಯ ಓಟಕ್ಕೆ ಹೊರಟಾಗ ದೋಣಿ ಮೇಲೆದ್ದು ಪಲ್ಟಿಯಾಗಿ ಅವರು ತೀರಿಕೊಂಡರು. ಆಸ್ಟ್ರೇಲಿಯಾದ ಕೆನ್ ವಾರ್ಬಿ ತಮ್ಮ ಮನೆಯ ಹಿತ್ತಲಿನಲ್ಲಿ ಕಟ್ಟಿಗೆಯ ದೋಣಿ ಕಟ್ಟಿ, ಸೇನೆ ಬೇಡವೆಂದು ಮಾರಿದ ಜೆಟ್ ಎಂಜಿನ್ ಕೂಡಿಸಿ, 1978ರ ಅಕ್ಟೋಬರಿನಲ್ಲಿ ಬ್ಲೋವರಿಂಗ್ ಅಣೆಕಟ್ಟಿನ ಹಿನ್ನೀರಿನ ಮೇಲೆ 511 ಕಿಲೋಮೀಟರ್ ವೇಗ ಮುಟ್ಟಿದರು. ದಾಖಲೆ ಮಾಡಿದವರಲ್ಲಿ ನನಗೆ ಮೆಚ್ಚುಗೆಯಾದವರು ಇವರೇ. ಆನೆಗೊಂದಿಯ ಹರಿಗೋಲಿಗಾದರೆ ಹಿಂದು ಮುಂದೆಂಬುದೇ ಇಲ್ಲವಾದ್ದರಿಂದ, ಎರಡೂ ದಿಕ್ಕಿಗೆ ಓಡಬೇಕೆಂಬ ನಿಯಮ ಅದಕ್ಕೆ ತಾನಾಗಿಯೇ ಒಗ್ಗುತ್ತದೆ.

ಹುಡುಗ ಓದುತ್ತಲೇ ಇದ್ದ: ಜಪಾನಿನ ಅಯಸ್ಕಾಂತದ ರೈಲು 2015ರಲ್ಲಿ 603, ಸೂರ್ಯನ ಬಳಿ ಸುಳಿದ ಪಾರ್ಕರ್ ನೌಕೆ 6,92,000. ಹಳಿ ಮುಟ್ಟದೆ ತೇಲುವ ರೈಲು, ದಾರಿಯೇ ಬೇಡದ ನೌಕೆ. ಇವು ಆಟಕ್ಕೆ ಸೇರಿದವಲ್ಲವೆಂದು ನಾನು ತಳ್ಳಿಹಾಕಿದೆ. ಕಾರ ಹುಣ್ಣಿಮೆಗೆ ಕರಿ ಹರಿಯುವಾಗ ನಮ್ಮವರು ಎತ್ತು ಎಷ್ಟು ವೇಗದಲ್ಲಿ ಓಡಿತೆಂದು ಅಳೆಯುವುದಿಲ್ಲ. ಮೊದಲು ಬಂದದ್ದು ಬಿಳಿಯದೋ ಕೆಂಪೋ ಎಂದು ನೋಡಿ ಹಿಂಗಾರಿ ಚಲೋ, ಮುಂಗಾರಿ ಚಲೋ ಎನ್ನುತ್ತಾರೆ. ಅದೂ ಒಂದು ದಾಖಲೆಯೇ ಎಂದರೆ ಹುಡುಗ ಒಪ್ಪಲಿಲ್ಲ.

ಅಷ್ಟರಲ್ಲಿ ಟ್ರ್ಯಾಕ್ಟರ್ ಹೊಲದ ದಾರಿಗೆ ಹೊರಳಿತು. ಎದುರಿನಿಂದ ಲಾರಿ ಬರುತ್ತಿದ್ದುದರಿಂದ ನಾವು ಮತ್ತೆ ನಿಂತೆವು. ಸೀರೆಯನ್ನು ತುಸು ಮೇಲೆ ಸಿಕ್ಕಿಸಿಕೊಂಡು, ಭತ್ತದಲ್ಲಿ ಕಾಲೆಳೆಯುತ್ತ ಗೆರೆ ಗೆರೆಯಾಗಿ ತಿರುವುತ್ತಿದ್ದ ಹೆಂಗಸೊಬ್ಬಳು ನಮ್ಮನ್ನು ನೋಡಿ, ಅಂಚಿನ ಎರಡು ಕಲ್ಲುಗಳನ್ನು ಎತ್ತಿ ಬದಿಗಿಟ್ಟು, ಒಂದಿಷ್ಟು ಕಾಳನ್ನು ಒಳಗೆ ಗೋರಿ ಜಾಗ ಮಾಡಿಕೊಟ್ಟಳು. “ಸಾವಕಾಶ ಹೋಗ್ರಿ ಯಪ್ಪಾ, ಕಾಳು ಸಿಡಿತಾವ,” ಎಂದಳು. ಮೊದಲನೆಯ ಗೇರಿನಲ್ಲಿ ದಾಟಿದೆವು. ಕನ್ನಡಿಯಲ್ಲಿ ನೋಡಿದರೆ ಆ ಎರಡು ಕಲ್ಲುಗಳು ಆಗಲೇ ತಮ್ಮ ಜಾಗಕ್ಕೆ ಮರಳಿದ್ದವು.